ಸಿಪಾನಿ ಡಾಲ್ಫಿನ್: ಘಾಟಿ ಹತ್ತುವಾಗ ಎಂಜಿನ್ ಬಿಸಿ, ದೀಪ ಹಾಕಿದರೆ ಮೀಟರ್ ಮುಳ್ಳು ಜಿಗಿಯುತ್ತದೆ

ಪ್ರಶ್ನೆ – ತೀರ್ಥಹಳ್ಳಿಯಿಂದ

ತಂದೆಯವರು 1984ರಲ್ಲಿ ಬೆಂಗಳೂರಿನಿಂದ ತಂದ ಸಿಪಾನಿ ಡಾಲ್ಫಿನ್ ಕಾರು ನಮ್ಮ ಮನೆಯಲ್ಲಿದೆ. ಹನ್ನೊಂದು ವರ್ಷ ಅಡಿಕೆ ಚಪ್ಪರದ ಪಕ್ಕದ ಮಾಡಿನಲ್ಲಿ ನಿಂತಿತ್ತು. ಬ್ಯಾಟರಿ, ಪ್ಲಗ್, ಪಾಯಿಂಟ್ ಹೊಸದು ಹಾಕಿ, ಪೆಟ್ರೋಲ್ ಟ್ಯಾಂಕ್ ತೊಳೆಸಿದ ಮೇಲೆ ಚಾಲೂ ಆಯಿತು. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಮೊನ್ನೆ ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ಆರೇಳು ತಿರುವು ದಾಟುವಷ್ಟರಲ್ಲಿ ಬಿಸಿಯ ಮುಳ್ಳು ಕೆಂಪು ಮುಟ್ಟಿತು. ನಿಲ್ಲಿಸಿ, ತಣಿದ ಮೇಲೆ ನೋಡಿದರೆ ರೇಡಿಯೇಟರಿಗೆ ಒಂದೂವರೆ ಲೀಟರ್ ನೀರು ಹಿಡಿಯಿತು. ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ. ಇನ್ನೊಂದು ವಿಚಿತ್ರ: ಸಂಜೆ ಹೆಡ್‌ಲೈಟ್ ಹಾಕಿದ ಕೂಡಲೇ, ಎಂಜಿನ್ ತಣ್ಣಗಿದ್ದರೂ ಬಿಸಿಯ ಮುಳ್ಳು ಮೇಲೇರುತ್ತದೆ, ಜೊತೆಗೆ ಪೆಟ್ರೋಲ್ ಮುಳ್ಳೂ ಏರುತ್ತದೆ. ಇಲ್ಲಿನ ಮೆಕ್ಯಾನಿಕ್ ಎಂಜಿನ್ ಬಿಚ್ಚೋಣ ಎನ್ನುತ್ತಾರೆ. ತಂದೆಯವರಿಗೆ ಈಗ 78. ಒಮ್ಮೆ ಇದರಲ್ಲೇ ಶೃಂಗೇರಿಗೆ ಕರೆದುಕೊಂಡು ಹೋಗಬೇಕೆಂಬ ಆಸೆ. ಖರ್ಚು ಎಷ್ಟಾಗಬಹುದು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ – ಬೆಂಗಳೂರಿನಿಂದ

ನನ್ನ ಡಾಲ್ಫಿನ್ ಜೊತೆ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ನೀವು ಹೇಳುತ್ತಿರುವುದು ಒಂದು ದೋಷವಲ್ಲ, ಎರಡು. ಮೊದಲು ಅವನ್ನು ಬೇರೆ ಮಾಡಿಕೊಳ್ಳಿ.

ದೀಪ ಹಾಕಿದಾಗ ಎರಡೂ ಮುಳ್ಳು ಒಟ್ಟಿಗೆ ಏರಿದರೆ ಅದು ಅರ್ತಿಂಗ್ ದೋಷ, ಎಂಜಿನ್ನಿನದಲ್ಲ. ತಗಡಿನ ಕಾರಿನಲ್ಲಿ ಇಡೀ ಬಾಡಿಯೇ ಕರೆಂಟ್ ವಾಪಸ್ ಹೋಗುವ ದಾರಿ. ನಮ್ಮದು ಫೈಬರ್ ಬಾಡಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿ ದೀಪಕ್ಕೂ ಮೀಟರಿಗೂ ಚಾಸಿಗೆ, ಅಂದರೆ ಬಾಡಿಯಡಿಯ ಉಕ್ಕಿನ ಚೌಕಟ್ಟಿಗೆ, ವಾಪಸ್ ಹೋಗುವ ತಂತಿ ಬೇಕು. ಮಲೆನಾಡಿನ ತೇವದಲ್ಲಿ ಹನ್ನೊಂದು ವರ್ಷ ನಿಂತ ಗಾಡಿಯಲ್ಲಿ ಆ ತಂತಿಯ ತುದಿ ಹಸಿರುಗಟ್ಟಿರದಿದ್ದರೇ ಆಶ್ಚರ್ಯ. ಬ್ಯಾಟರಿಯ ಮೈನಸ್‌ನಿಂದ ಒಂದು ದಪ್ಪ ತಂತಿ ಎಳೆದು ಮೀಟರುಗಳ ಅರ್ತ್ ತುದಿಗೆ ಮುಟ್ಟಿಸಿ, ಹೆಡ್‌ಲೈಟ್ ಹಾಕಿ ನೋಡಿ. ಮುಳ್ಳು ಕದಲದಿದ್ದರೆ ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ನಂತರ ಚಾಸಿಗೆ ಬೋಲ್ಟ್ ಆದ ಜಾಗಗಳನ್ನೆಲ್ಲ ಮರಳು ಕಾಗದದಿಂದ ಉಜ್ಜಿ, ಹೊಸ ತುದಿ ಹಾಕಿ, ಮೇಲೆ ಗ್ರೀಸ್ ಹಚ್ಚಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿಯನ್ನೂ ಬದಲಿಸಿ.

ಆದರೆ ಸೋರದೆ ಒಂದೂವರೆ ಲೀಟರ್ ನೀರು ಹೋಗಿದೆ ಎಂದರೆ ಅದು ಮೀಟರಿನ ಸುಳ್ಳಲ್ಲ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿ. ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ತೆಳು ಸೀಲ್, ಹೋಗಿದೆ. ನಾಲ್ಕೂ ಪ್ಲಗ್ ಬಿಚ್ಚಿ ನೋಡಿ, ನೀರು ಒಳಗೆ ಹೋಗುವ ಸಿಲಿಂಡರಿನ ಪ್ಲಗ್ ತೊಳೆದಿಟ್ಟ ಹಾಗೆ ಇರುತ್ತದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಅಕ್ಕಪಕ್ಕದ ಎರಡರಲ್ಲಿ ಕಡಿಮೆ ಬಂದರೆ ಗ್ಯಾಸ್ಕೆಟ್ ಅವುಗಳ ನಡುವೆ ಸುಟ್ಟಿದೆ ಎಂದರ್ಥ. ಇಷ್ಟು ಮಾಡುವ ಮುನ್ನ ಯಾರಿಗೂ ಎಂಜಿನ್ ಬಿಚ್ಚಲು ಕೊಡಬೇಡಿ.

ಉತ್ತರ – ಮೈಸೂರಿನಿಂದ

ಬಿಚ್ಚಲೇಬೇಕಾದರೆ ಒಂದು ಮಾತನ್ನು ನಿಮ್ಮ ಮೆಕ್ಯಾನಿಕ್ ಕಿವಿಗೆ ಹಾಕಿ. ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ನಮ್ಮ ರೂಪ. ಅದರ 848 ಸಿಸಿ ಎಂಜಿನ್ನಿನ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ. ಪಿಸ್ಟನ್ ಓಡಾಡುವ ಕೊಳವೆಗಳು, ಅಂದರೆ ಸಿಲಿಂಡರ್ ಲೈನರುಗಳು, ಬ್ಲಾಕಿಗೆ ಬಿಗಿದವಲ್ಲ, ಸುತ್ತ ನೀರಿನ ನಡುವೆ ನಿಂತಿರುತ್ತವೆ. ಹೆಡ್ ಒತ್ತಿ ಹಿಡಿದಿರುವವರೆಗೆ ಮಾತ್ರ ಅವು ಅಲುಗುವುದಿಲ್ಲ. ಹೆಡ್ ತೆಗೆದ ಮೇಲೆ ಅಂಬಾಸಿಡರ್ ಎಂಜಿನ್ ಎಂದುಕೊಂಡು ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಜೊತೆ ಲೈನರ್ ಮೇಲೇಳುತ್ತದೆ, ಅಡಿಯ ಸೀಲ್ ಹೋಗುತ್ತದೆ, ನೀರು ಎಂಜಿನ್ ಅಡಿಯ ಆಯಿಲ್ ಸಂಪಿಗೆ ಇಳಿಯುತ್ತದೆ. ಬರೀ ಗ್ಯಾಸ್ಕೆಟ್ ಕೆಲಸ ಪೂರ್ತಿ ಎಂಜಿನ್ ಕೆಲಸವಾಗುವುದು ಹೀಗೆ. ಹೆಡ್ ಎತ್ತಿದ ಕೂಡಲೇ, ಅದನ್ನು ಬಿಗಿದಿಡುವ ಉಕ್ಕಿನ ಸರಳುಗಳಾದ ಸ್ಟಡ್‌ಗಳಿಗೆ ದಪ್ಪ ವಾಷರ್ ಮತ್ತು ನಟ್ ಹಾಕಿ ಲೈನರುಗಳನ್ನು ಒತ್ತಿ ಹಿಡಿಯಬೇಕು.

ಹೆಡ್ ಸುಲಭವಾಗಿ ಬರುವುದಿಲ್ಲ. ಉಕ್ಕಿನ ಸ್ಟಡ್ಡೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಎರಡು ದಿನ ಮೊದಲೇ ಸ್ಟಡ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮೆತ್ತಗಿನ ಲೋಹ ಗಾಯವಾಗುತ್ತದೆ, ಮುಂದೆ ಯಾವ ಗ್ಯಾಸ್ಕೆಟ್ಟೂ ಅಲ್ಲಿ ಕೂರುವುದಿಲ್ಲ. ಮತ್ತೆ ಕೂರಿಸುವಾಗ ಪ್ರತಿ ಲೈನರ್ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು, ನಾಲ್ಕೂ ಒಂದೇ ಎತ್ತರದಲ್ಲಿರಬೇಕು. ಹೆಡ್ ಫೇಸಿಂಗ್‌ಗೆ (ಅಡಿಯ ಮೈ ಮಟ್ಟ ಮಾಡಿಸಲು) ಕೊಡುವಾಗ ಕನಿಷ್ಠ ಮಾತ್ರ ಕೆರೆಯಲು ಹೇಳಿ.

ಇಷ್ಟೆಲ್ಲ ಮಾಡಿ ಬೋರ್‌ವೆಲ್ ನೀರು ಸುರಿಯಬೇಡಿ. ಈ ಎಂಜಿನ್ನುಗಳಲ್ಲಿ ಹೆಚ್ಚಿನವು ಸತ್ತದ್ದು ನೀರಿನಿಂದಲೇ, ಓಡಿ ಸವೆದಲ್ಲ. ಶುದ್ಧೀಕರಿಸಿದ ನೀರು, ಅಲ್ಯೂಮಿನಿಯಂ ಎಂಜಿನ್ನಿಗೆ ಹೊಂದುವ ಕೂಲಂಟ್, ಎರಡು ವರ್ಷಕ್ಕೊಮ್ಮೆ ಬದಲಾವಣೆ. ರೇಡಿಯೇಟರನ್ನೂ ಬಿಚ್ಚಿಸಿ ಒಳಗೆ ಸ್ವಚ್ಛ ಮಾಡಿಸಿ, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಅದೇ ಘಾಟಿಯಲ್ಲಿ ಸುಡುತ್ತದೆ.

ಉತ್ತರ – ಬೆಂಗಳೂರಿನಿಂದ

ಖರ್ಚಿನ ವಿಷಯ. ಹೋದ ವರ್ಷ ನನ್ನದಕ್ಕೆ ಇದೇ ಕೆಲಸ ಆಯಿತು: ಫೇಸಿಂಗ್ 1,800, ರೇಡಿಯೇಟರ್ 2,500, ಕೂಲಿ 7,000. ಗ್ಯಾಸ್ಕೆಟ್ ಸೆಟ್ ಇಂಗ್ಲೆಂಡಿನಿಂದ ತರಿಸಿದೆ, ಅಂಚೆ ಮತ್ತು ಸುಂಕ ಸೇರಿ 9,000 ಮುಟ್ಟಿತು. ರಿಲಯಂಟ್‌ನ ಮೂರು ಚಕ್ರದ ರಾಬಿನ್, ರಿಯಾಲ್ಟೊ ಕಾರುಗಳಲ್ಲೂ ಇದೇ 848 ಸಿಸಿ ಎಂಜಿನ್ ಇದ್ದುದರಿಂದ ಅಲ್ಲಿ ಬಿಡಿಭಾಗ ಇನ್ನೂ ಸಿಗುತ್ತದೆ. ಹೋಸ್, ಬೇರಿಂಗ್, ಬ್ರೇಕ್ ರಬ್ಬರ್‌ನಂಥವಕ್ಕೆ ಹಳೆಯ ತುಂಡು ಹಿಡಿದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದರೆ ಅಳತೆಗೆ ಹೊಂದುವುದು ಸಿಗುತ್ತದೆ. ಪೆಟ್ರೋಲ್ ಪೈಪುಗಳನ್ನು ಮರೆಯಬೇಡಿ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥೆನಾಲ್ ಇರುತ್ತದೆ, ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ಬಿರಿಸುತ್ತದೆ. ಫೈಬರ್ ಕಾರಿಗೆ ಬೆಂಕಿ ಹತ್ತಿದರೆ ನಂದಿಸುವುದು ಬಹಳ ಕಷ್ಟ.

ಬಣ್ಣಕ್ಕೆ ಈಗಲೇ ದುಡ್ಡು ಹಾಕಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಬಾಡಿಗೆ ತುಕ್ಕಿಲ್ಲ ಎಂದು ಎಲ್ಲರೂ ಹಿಗ್ಗುತ್ತಾರೆ, ಅದರಡಿಯ ಉಕ್ಕಿನ ಚಾಸಿ ಸದ್ದಿಲ್ಲದೆ ಕರಗುತ್ತಿರುತ್ತದೆ. ಗಾಡಿಯನ್ನು ಎತ್ತಿಸಿ, ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಖಣಖಣ ಸದ್ದು ಮಂದವಾದ ಕಡೆ ಕೆರೆದು ನೋಡಿ. ಸ್ಪ್ರಿಂಗ್ ಪಟ್ಟಿಗಳು ಕೂರುವ ಜಾಗ ಮುಖ್ಯ.

ಕಾಗದಪತ್ರ: 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000, ಜಿಎಸ್‌ಟಿ ಬೇರೆ. ವಿಂಟೇಜ್ ನೋಂದಣಿಗೆ 50 ವರ್ಷ ತುಂಬಬೇಕು, 1982ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಫಿನ್‌ಗೆ ಇನ್ನೂ ಕಾಲವಿದೆ. ಸಿಕ್ಕಿದರೂ ಆ ಫಲಕದಲ್ಲಿ ದಿನನಿತ್ಯ ಓಡಿಸುವಂತಿಲ್ಲ. ಓಡಿಸುವ ಆಸೆಯಿದ್ದರೆ ಸಾಮಾನ್ಯ ಆರ್‌ಸಿಯನ್ನೇ ಜೀವಂತವಾಗಿಡಿ.

ಪ್ರಶ್ನೆ ಕೇಳಿದವರಿಂದ – ಏಳು ವಾರಗಳ ನಂತರ

ಅರ್ತ್ ತಂತಿ ಎಳೆದ ದಿನವೇ ಮುಳ್ಳು ಜಿಗಿಯುವುದು ನಿಂತಿತು. ಗುಳ್ಳೆಗಳೂ ಬಂದವು. ಗ್ಯಾಸ್ಕೆಟ್ ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಸುಟ್ಟಿತ್ತು. ಲೈನರುಗಳನ್ನು ಹಿಡಿದಿಡುವ ವಾಷರುಗಳನ್ನು ನಾನೇ ನಿಂತು ಹಾಕಿಸಿದೆ. ಮೆಕ್ಯಾನಿಕ್ ಮೊದಲು ಒಪ್ಪಲಿಲ್ಲ, ಲೈನರ್ ಕೈಯಲ್ಲಿ ಅಲುಗಿದ್ದನ್ನು ನೋಡಿ ಒಪ್ಪಿದರು. ಒಟ್ಟು 24,600 ಆಯಿತು. ಚಾಸಿಯಲ್ಲಿ ಎಡ ಹಿಂಬದಿಯ ಒಂದು ಗೇಣು ಕತ್ತರಿಸಿ ಹೊಸ ಉಕ್ಕು ಬೆಸೆಸಿದ್ದೂ ಇದರಲ್ಲೇ ಸೇರಿದೆ.

ಭಾನುವಾರ ಶೃಂಗೇರಿಗೆ ಹೋಗಿ ಬಂದೆವು. ಬರುವಾಗ ತಂದೆಯವರೇ ಹತ್ತು ಕಿಲೋಮೀಟರ್ ಓಡಿಸಿದರು. ಮುಳ್ಳು ಅರ್ಧ ದಾಟಲಿಲ್ಲ. ಮುಂದಿನ ವಾರ ಹೆಡ್ ಬೋಲ್ಟುಗಳನ್ನು ತಣ್ಣಗಿರುವಾಗ ಮತ್ತೊಮ್ಮೆ ಬಿಗಿ ನೋಡಬೇಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ನಡುವಿನಿಂದ ಹೊರಕ್ಕೆ ಬಿಗಿಯುತ್ತ ಹೋಗುವುದು ಸರಿಯೇ?

ಉತ್ತರ – ಮೈಸೂರಿನಿಂದ

ಸರಿ. ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲಿಯೇ. ಅದಾದ ಮೇಲೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸಂದುಗಳನ್ನು ಮತ್ತೆ ಅಳೆಯಿರಿ, ಹೆಡ್ ಕೂತಷ್ಟೂ ಅವು ಬದಲಾಗಿರುತ್ತವೆ.