ಪುಟ್ಟಿಯ ಚೀಸ್ ಪ್ರಶ್ನೆಗೆ ಚಿಕ್ಕಮ್ಮನ ಉದ್ದದ ಉತ್ತರ

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಮೆಸೇಜ್ ಈಗ ಕಾಫಿ ಕುಡಿಯುತ್ತಾ ನೋಡಿದೆ. ಕ್ರಿಸ್‌ಮಸ್ ರಜೆಗೆ ನಿಮ್ಮ ಡಲ್ಲಾಸ್ ಮನೆಗೆ ಇಪ್ಪತ್ತು ಜನ ಬರುತ್ತಾರೆ, ಊಟಕ್ಕೆ ಮುಂಚೆ ಬಾಯಾಡಿಸಲು ಚೀಸಿನದು ಏನಾದರೂ ಸುಲಭದ್ದು ಬೇಕು, ಆದರೆ ನಿನ್ನ ಮಾವನವರು ಅಲ್ಲಿನ ಅಂಗಡಿ ಚೀಸ್ ಮುಟ್ಟುವುದಿಲ್ಲ, ಮನೆಯಲ್ಲೇ ಮಾಡಬಹುದಾ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ನನಗೆ ಮಧ್ಯಾಹ್ನ ಆಗುತ್ತದೆ. ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪಾತ್ರೆ ತೊಳೆಯುತ್ತಾ ಕೇಳು.

ಮೊದಲು ಮಾವನವರ ವಿಷಯ. ಅವರದು ಸುಮ್ನೆ ಹಠ ಅಲ್ಲ. ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಲಿ ಅಂತ ಹಾಕುವ ರೆನೆಟ್ ಮೂಲದಲ್ಲಿ ಎಳೆಗರುವಿನ ಹೊಟ್ಟೆಯಿಂದ ತೆಗೆಯುವ ಪದಾರ್ಥ. ಈಗ ಬೇರೆ ಬಗೆಯ ರೆನೆಟ್ಟೂ ಬಂದಿದೆ, ಲೇಬಲ್ ಓದಿ ತೆಗೆದುಕೊಳ್ಳಬಹುದು. ಆದರೆ ಇಟಲಿಯ ಪಾರ್ಮಿಜಾನೊ ರೆಜಾನೊ ಅಂತ ಬರೆದಿದ್ದರೆ ಅದರಲ್ಲಿ ಕರುವಿನ ರೆನೆಟ್ಟೇ ಇರಬೇಕು, ಅದು ಆ ಚೀಸಿನ ನಿಯಮ. ಇಲ್ಲಿ ನಾವು ಹಸಿರು ಚುಕ್ಕೆ ನೋಡಿ ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ಅಲ್ಲಿ ಆ ಸುಖ ಇಲ್ಲ, ಅಲ್ವಾ?

ಭಾವನವರು ಬೇರೆ "ಚೀಸ್ ನಮ್ಮ ತಿಂಡಿಯೇ ಅಲ್ಲ" ಅಂತ ನಿನ್ನ ಮೆಸೇಜಿನ ಕೆಳಗೆ ಬರೆದಿದ್ದಾರೆ. ಭಾವ, ಹಸು ಕರು ಹಾಕಿದಾಗ ಗಿಣ್ಣಿಗೆ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂರುತ್ತಿದ್ದವರು ಯಾರು? ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ನಿಂಬೆಯೂ ಬೇಡ, ರೆನೆಟ್ಟೂ ಬೇಡ, ಬಿಸಿಗೇ ಗಟ್ಟಿಯಾಗುತ್ತದೆ. ಅದೂ ಚೀಸಿನ ಸೋದರಸಂಬಂಧಿಯೇ. ಸರಿ, ಪುಟ್ಟಿ, ಅದು ಹಾಗಿರಲಿ.

ನನ್ನ ಮಾತು ಕೇಳಿದರೆ ಎರಡೇ ಎರಡು ಮಾಡು. ಒಂದು ಕಟ್ಟಿದ ಮೊಸರಿನ ಚೀಸ್, ಇನ್ನೊಂದು ಪನೀರ್. ಪಿಜ್ಜಾ ಮೇಲೆ ಎಳೆಎಳೆಯಾಗಿ ಬರುತ್ತದಲ್ಲ, ಆ ಮೊಝರೆಲ್ಲಾ ಚೀಸ್ ಎಳೆಯುತ್ತೇನೆ ಅಂತ ಹೊರಡಬೇಡ. ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ, ಇಪ್ಪತ್ತು ಜನ ಬರುವ ದಿನ ಕೈಕೊಡುತ್ತದೆ.

ಕಟ್ಟಿದ ಮೊಸರು ನಿನಗೆ ಗೊತ್ತೇ ಇದೆ. ಶ್ರೀಖಂಡಕ್ಕೆ ಮಾಡುವ ಹಾಗೇ, ಸಕ್ಕರೆ ಬದಲು ಉಪ್ಪು. ಲೆಬನಾನ್, ಸಿರಿಯಾ ಕಡೆಯವರು ಇದನ್ನೇ ಲಬ್ನೆ ಅನ್ನುತ್ತಾರೆ. ಕೆನೆ ತೆಗೆಯದ ಹಾಲಿನ ಮೊಸರೇ ತಾ. ಡಬ್ಬಿ ತಿರುಗಿಸಿ ಓದು. ಅಲ್ಲಿನ ಕೆಲವು ಮೊಸರಿಗೆ ಗಟ್ಟಿಯಾಗಲಿ ಅಂತ ಜೆಲಟಿನ್ ಹಾಕಿರುತ್ತಾರೆ. ಅದು ನೀರೂ ಬಿಡುವುದಿಲ್ಲ, ಪ್ರಾಣಿಯಿಂದ ಬಂದದ್ದು ಬೇರೆ, ಮಾವನವರಿಗೆ ಗೊತ್ತಾದರೆ ಕಥೆ ಮುಗಿಯಿತು. ಒಂದು ಡಬ್ಬಿಗೆ, ಅಂದರೆ ಸುಮಾರು 900 ಗ್ರಾಂಗೆ, ಮುಕ್ಕಾಲು ಚಮಚ ಉಪ್ಪು ಕಲಸು. ಹಳೇ ಬಿಳಿ ಪಂಚೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಜರಡಿಯ ಮೇಲೆ ಹಾಸಿ ಸುರಿದು, ಗಂಟು ಕಟ್ಟಿ, ಕೆಳಗೆ ಪಾತ್ರೆ ಇಟ್ಟು ಫ್ರಿಜ್‌ನಲ್ಲಿಡು. ಒಂದು ಹಗಲು ಒಂದು ರಾತ್ರಿ ಪೂರ್ತಿ. ಬೇಗ ತೆಗೆದರೆ ಉಂಡೆ ನಿಲ್ಲುವುದಿಲ್ಲ, ತಟ್ಟೆಯಲ್ಲಿ ಕೂತುಬಿಡುತ್ತದೆ.

ಆಮೇಲೆ ಅಂಗೈಗೆ ಎಣ್ಣೆ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟು. ಮೂರು ತಟ್ಟೆ ಇಟ್ಟುಕೋ. ಒಂದರಲ್ಲಿ ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ಇನ್ನೊಂದರಲ್ಲಿ ತರಿತರಿ ಕುಟ್ಟಿದ ಕಾಳುಮೆಣಸು, ಜೀರಿಗೆ. ಮೂರನೆಯದರಲ್ಲಿ ನಾನು ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ. ಕೊಟ್ಟು ಎರಡು ತಿಂಗಳಾಯಿತು, ಡಬ್ಬಿ ಮುಚ್ಚಳ ತೆಗೆದಿಲ್ಲ ಅಂತ ನನಗೆ ಗೊತ್ತು. ಬೆಳ್ಳಗಿನ ಉಂಡೆ ಆ ಕಪ್ಪು ಪುಡಿಯಲ್ಲಿ ಹೊರಳಿ ಬಂದರೆ ಎಷ್ಟು ಚೆಂದ ನೋಡು. ಕಳೆದ ವರ್ಷ ನಾನು ಅಲ್ಲಿದ್ದಾಗ ಪಕ್ಕದ ಮನೆಯವರು ಇದನ್ನು ಚಾಕೊಲೇಟ್ ಅಂದುಕೊಂಡು ಇಡೀ ಉಂಡೆ ಬಾಯಿಗೆ ಹಾಕಿಕೊಂಡರು. ಒಂದು ಕ್ಷಣ ಕಣ್ಣು ಅರಳಿತು, ಆಮೇಲೆ ಇನ್ನೆರಡು ತೆಗೆದುಕೊಂಡರು!

ಉಳಿದ ಕಟ್ಟಿದ ಮೊಸರನ್ನು ನಿಪ್ಪಟ್ಟಿನ ಮೇಲೆ ಹಚ್ಚು. ಅವರ ಕ್ರ್ಯಾಕರ್ ಬಿಸ್ಕತ್ತು ಯಾಕೆ ಬೇಕು ನಿನಗೆ? ಬೆಂಗಳೂರಿನ ವಿ.ವಿ. ಪುರಂನಲ್ಲಿ ನಿಪ್ಪಟ್ಟು ಮಸಾಲೆ ತಿಂದವಳು ತಾನೇ ನೀನು. ಮೇಲೆ ತುರಿದ ಕ್ಯಾರೆಟ್, ಸಣ್ಣ ಈರುಳ್ಳಿ, ಒಂದು ಚಿಟಿಕೆ ಖಾರದಪುಡಿ. ಆದರೆ ಜನ ಸೋಫಾದಲ್ಲಿ ಕೂತ ಮೇಲೇ ಹಚ್ಚು. ಹತ್ತು ನಿಮಿಷ ಮೊದಲೇ ಹಚ್ಚಿಟ್ಟರೆ ನಿಪ್ಪಟ್ಟು ಮೆತ್ತಗಾಗಿ ಗರಿಗರಿ ಹೋಗುತ್ತದೆ.

ಇನ್ನು ಪನೀರ್. ಇಲ್ಲಿ ನನ್ನದೇ ಒಂದು ಅವಾಂತರ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಮೊದಲ ಸಲ ಪನೀರ್ ಮಾಡಲು ಹೊರಟಾಗ ಫ್ರಿಜ್‌ನಲ್ಲಿ ಯಾವುದೋ ದುಬಾರಿ ಹಾಲು ಇತ್ತು, ತಿಂಗಳುಗಟ್ಟಲೆ ಕೆಡದ ಹಾಲು. ನಿಂಬೆರಸ ಹಾಕಿದೆ. ಹಾಲು ಒಡೆಯಿತು, ಆದರೆ ರವೆ ರವೆಯಾಗಿ. ಅರ್ಧ ಬಟ್ಟೆಯಲ್ಲಿ ನಿಂತಿತು, ಅರ್ಧ ಸಿಂಕಿಗೆ ಹೋಯಿತು. ಜಾಸ್ತಿ ದಿನ ಇರಲಿ ಅಂತ ಹಾಲನ್ನು ತೀರಾ ಹೆಚ್ಚು ಬಿಸಿ ಮಾಡಿರುತ್ತಾರೆ, ಅಂಥದ್ದರಲ್ಲಿ ಗಟ್ಟಿ ಮುದ್ದೆ ಬರುವುದು ಕಷ್ಟ. ಅಲ್ಟ್ರಾ ಪಾಶ್ಚರೈಸ್ಡ್ ಅಂತ ಇದ್ದರೆ ಬೇಡ. ಸಾದಾ ಹೋಲ್ ಮಿಲ್ಕ್ ಗ್ಯಾಲನ್ ಕ್ಯಾನೇ ತಾ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಮುಕ್ಕಾಲು ಲೀಟರ್. ಅದರಲ್ಲಿ ಕೊಬ್ಬು 3.25% ಮಾತ್ರ. ನಾನು ಇಲ್ಲಿ ತರುವ ಫುಲ್ ಕ್ರೀಮ್ ಹಾಲಿನಲ್ಲಿ 6% ಇರುತ್ತದೆ, ಲೀಟರಿಗೆ ಹತ್ತಿರ ಹತ್ತಿರ 200 ಗ್ರಾಂ ಪನೀರ್ ಸಿಗುತ್ತದೆ. ನಿನಗೆ ಅಷ್ಟು ಸಿಗದು. ಬೇಕಾದರೆ ಒಂದು ಕಪ್ ಹೆವಿ ಕ್ರೀಮ್ ಸೇರಿಸು.

ದಪ್ಪ ತಳದ ಪಾತ್ರೆಯಲ್ಲಿ ಕಾಯಿಸು, ತಳ ಕೆದಕುತ್ತಾ ಇರು. ಉಕ್ಕು ಬಂದ ಕೂಡಲೇ ಉರಿ ಆರಿಸಿ ಎರಡು ನಿಮಿಷ ಸುಮ್ನೆ ಬಿಡು. ಒಂದು ಗ್ಯಾಲನ್‌ಗೆ ಸುಮಾರು ಅರ್ಧ ಕಪ್ ನಿಂಬೆರಸ ಬೇಕಾಗುತ್ತದೆ. ಎಲ್ಲಾ ಒಟ್ಟಿಗೆ ಸುರಿಯಬೇಡ. ಚಮಚ ಚಮಚ ಹಾಕುತ್ತಾ ನಿಧಾನಕ್ಕೆ ಒಂದು ಸುತ್ತು ತಿರುಗಿಸು. ಹಾಲಿನ ಬಿಳಿ ಹೋಗಿ ತಿಳಿಹಸಿರು ನೀರು ಕಂಡಿತಾ, ಅಲ್ಲಿಗೆ ನಿಲ್ಲಿಸು. ಆಮೇಲೂ ಹುಳಿ ಹಾಕಿದರೆ ಪನೀರ್ ಗಟ್ಟಿ ರಬ್ಬರ್. ಬಟ್ಟೆಗೆ ಸುರಿದು ತಣ್ಣೀರಿನಲ್ಲಿ ತೊಳೆ, ನಿಂಬೆ ವಾಸನೆ ಹೋಗಲಿ. ಕಟ್ಟುವ ಮೊದಲು ಉಪ್ಪು, ಜಜ್ಜಿದ ಮೆಣಸು, ಕೈಯಲ್ಲಿ ಹರಿದ ಕರಿಬೇವು ಒಳಗೇ ಕಲಸಿಬಿಡು. ಮೇಲೆ ನೀರು ತುಂಬಿದ ಕುಕ್ಕರ್ ಇಟ್ಟು ಮುಕ್ಕಾಲು ಗಂಟೆ ಬಿಡು.

ನಮ್ಮಜ್ಜಿ ಇದ್ದಿದ್ದರೆ ಇದನ್ನೆಲ್ಲ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. "ಹಬ್ಬದ ದಿನ ಬೇಕೂಂತ ಹಾಲು ಒಡೆಸ್ತೀಯೇನೇ?" ಅನ್ನುತ್ತಿದ್ದರು. ಗೃಹಪ್ರವೇಶಕ್ಕೆ ಉಕ್ಕಿದ ಹಾಲು ಶುಭ, ಒಡೆದ ಹಾಲು ಅಪಶಕುನ. ನಾನು ಮೊದಲ ಸಲ ಪನೀರ್ ಮಾಡಿದ್ದು ಅವರು ದೇವಸ್ಥಾನಕ್ಕೆ ಹೋಗಿದ್ದಾಗ, ಹೆದರಿ ಹೆದರಿ!

ಪನೀರನ್ನು ಓವನ್‌ನಲ್ಲಿಟ್ಟು ಕರಗಲಿ ಅಂತ ಕಾಯಬೇಡ. ಅದು ಕರಗುವುದಿಲ್ಲ. ಹುಳಿ ಹಾಕಿ ಒಡೆಸಿದಾಗ ಹಾಲಿನ ಕ್ಯಾಲ್ಸಿಯಂ ಬಹಳಷ್ಟು ಆ ನೀರಿನ ಜೊತೆ ಹೋಗಿಬಿಡುತ್ತದೆ, ಮೊಝರೆಲ್ಲಾ ಹಾಗೆ ಎಳೆಎಳೆಯಾಗಿ ಬರುವ ಗುಣ ಇದಕ್ಕಿಲ್ಲ. ಕರಗದ್ದೇ ನಮಗೆ ಒಳ್ಳೆಯದು. ಚೌಕ ಚೌಕ ಕತ್ತರಿಸಿ ಕಾವಲಿಗೆ ತುಪ್ಪ ಹಾಕಿ ಎರಡು ಕಡೆ ಕೆಂಪಗೆ ಮಾಡು, ಟೂತ್‌ಪಿಕ್ ಚುಚ್ಚಿ ಇಡು. ಮೇಲೆ ಬೇರೆ ಮಸಾಲೆ ಬೇಡ. ಒಳಗಿರುವ ಮೆಣಸು, ಕರಿಬೇವೇ ಸಾಕು.

ಒಂದು ಎಚ್ಚರಿಕೆ. ಯಾರೋ ಮೊಸರಿನ ಉಂಡೆಯನ್ನು ಬೆಳ್ಳುಳ್ಳಿ ಹಾಕಿದ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡಿ ಅಂತ ಹೇಳುತ್ತಾರೆ. ಬೇಡ. ಹಸಿ ಬೆಳ್ಳುಳ್ಳಿ ಎಣ್ಣೆಯೊಳಗೆ ಗಾಳಿ ಇಲ್ಲದೆ ಕೂತರೆ ಬಾಟುಲಿಸಂ ಅನ್ನುವ, ಪ್ರಾಣಕ್ಕೇ ಅಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು, ವಾಸನೆಯಲ್ಲಿ ಗೊತ್ತೂ ಆಗುವುದಿಲ್ಲ. ಟೇಬಲ್ ಮೇಲೂ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡ, ಮಿಕ್ಕಿದ್ದು ಫ್ರಿಜ್‌ಗೆ.

ಲೆಕ್ಕ ಕೇಳಿದ್ದೀಯಲ್ಲ. ಇಪ್ಪತ್ತು ಜನಕ್ಕೆ ಮೊಸರು ಎರಡು ದೊಡ್ಡ ಡಬ್ಬಿ, ನಲವತ್ತು ಉಂಡೆ ಆಗಿ ನಿಪ್ಪಟ್ಟಿಗೂ ಉಳಿಯುತ್ತದೆ. ಹಾಲು ಒಂದು ಗ್ಯಾಲನ್, ಐವತ್ತು ಅರವತ್ತು ತುಂಡು ಪನೀರ್. ಶನಿವಾರ ಸಂಜೆ ಜನ ಬರುವುದಾದರೆ ಗುರುವಾರ ರಾತ್ರಿ ಮೊಸರು ಕಟ್ಟು, ಶುಕ್ರವಾರ ರಾತ್ರಿ ಪನೀರ್ ಮಾಡು. ಒಡೆದ ಹಾಲಿನ ನೀರನ್ನು ಚೆಲ್ಲಬೇಡ, ಶನಿವಾರ ಬೆಳಿಗ್ಗೆ ಚಪಾತಿ ಹಿಟ್ಟಿಗೆ ಹಾಕಿ ಕಲಸು. ಮಾವನವರಿಗೆ ಅದೇ ತಿಂಡಿ ಆಯಿತು.