ತೋಟವೋ, ಟೈಪ್ ರೇಟಿಂಗೋ: ಓದುಗರ ಸ್ಪಂದನ

ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರು ಹೋದ ಸಂಚಿಕೆಯಲ್ಲಿ ಕೇಳಿದ್ದರು: ಮಗಳು 200 ಗಂಟೆ ಹಾರಿ, ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ತಗೊಂಡು ಮನೆಗೆ ಬಂದು ಎಂಟು ತಿಂಗಳಾಯಿತು. ಕೆಲಸ ಇಲ್ಲ. ಏರ್‌ಬಸ್ ಎ320 ವಿಮಾನ ಹಾರಿಸುವ ಅನುಮತಿ, ಅಂದರೆ ಟೈಪ್ ರೇಟಿಂಗ್, ಮಾಡಿಸಿದರೆ ಬೇಗ ಸಿಗುತ್ತದೆ ಅಂತ ಏಜೆಂಟರೊಬ್ಬರು ಹೇಳಿದ್ದಾರೆ. ಉಳಿದಿರುವ ಒಂದೂವರೆ ಎಕರೆ ಅಡಿಕೆ ತೋಟ ಅದಕ್ಕಾಗಿ ಮಾರಬಹುದಾ?

ಮೊದಲು ಉದ್ದದ ಪತ್ರ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ಅಕ್ಕಾ, ನಿಮ್ಮ ಪತ್ರ ಓದಿ ಎರಡು ದಿನ ಸುಮ್ನಿದ್ದೆ. 2018ರಲ್ಲಿ ನಾನೂ ನಿಮ್ಮ ಮಗಳ ಥರವೇ ಕೂತಿದ್ದೆ. ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಅದೇ ದೊಡ್ಡ ಹಿಂಸೆ. ಬೋಯಿಂಗ್ 737 ವಿಮಾನದ ರೇಟಿಂಗ್ ಮಾಡಿಸಿಬಿಡಿ, ಅದಕ್ಕೆ ಪೈಲಟ್‌ಗಳೇ ಸಿಗುತ್ತಿಲ್ಲ ಅಂದರು. ಅಪ್ಪ ಅರಸೀಕೆರೆಯ ಸೈಟು ಮಾರಿದರು. ಕಾಕ್‌ಪಿಟ್‌ನ ದೊಡ್ಡ ಪೋಸ್ಟರನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಯಾವ ಸ್ವಿಚ್ ಆದಮೇಲೆ ಯಾವುದು ಅಂತ ಗಾಳಿಯಲ್ಲಿ ಕೈಯಾಡಿಸುತ್ತಾ ರಾತ್ರಿಯೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಸಿಮ್ಯುಲೇಟರ್‌ನಲ್ಲಿ (ನೆಲದಲ್ಲೇ ಕೂತು ಕಲಿಯುವ ನಕಲಿ ಕಾಕ್‌ಪಿಟ್) ಸರಿಯಾಗಿ ಟೇಕಾಫ್ ಹೊತ್ತಿಗೆ ಒಂದು ಎಂಜಿನ್ ಕೆಡಿಸುತ್ತಾರೆ. ವಿಮಾನ ಪಕ್ಕಕ್ಕೆ ಎಳೆಯುತ್ತದೆ, ರಡರ್ ಪೆಡಲ್ ಒತ್ತಿ ಹಿಡಿದು ಹಿಡಿದು ಕಾಲು ನಡುಗುತ್ತದೆ. ಪಾಸಾದೆ. ಅಪ್ಪ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದರು.

2019ರ ಮಾರ್ಚ್‌ನಲ್ಲಿ 737 ಮ್ಯಾಕ್ಸ್ ವಿಮಾನಗಳನ್ನು ಹಾರಿಸಬೇಡಿ ಅಂದರು. ಮರುತಿಂಗಳು 737ಗಳನ್ನೇ ಜಾಸ್ತಿ ಇಟ್ಟುಕೊಂಡಿದ್ದ ಕಂಪನಿಯೊಂದು ಹಾರಾಟ ನಿಲ್ಲಿಸಿತು. ಅಲ್ಲಿ ಸಾವಿರಾರು ಗಂಟೆ ಹಾರಿದವರೂ ಕೆಲಸ ಹುಡುಕುತ್ತಿದ್ದಾಗ ನನ್ನ 200 ಗಂಟೆಯನ್ನು ಯಾರು ಕೇಳುತ್ತಾರೆ? ಮರುವರ್ಷ ಕೊರೊನಾ. ಟೈಪ್ ರೇಟಿಂಗ್ ಅಂದರೆ ಒಂದೇ ಜಾತಿಯ ವಿಮಾನಕ್ಕೆ ಸಿಗುವ ಅನುಮತಿ. ಎ320 ಇಟ್ಟುಕೊಂಡವರಿಗೆ ನನ್ನ ಕಾಗದ ಬೇಕಿರಲಿಲ್ಲ. ಹಾರದೆ ಕೂತರೆ ಆ ಅನುಮತಿ ಉಳಿಸಿಕೊಳ್ಳಲು ಮತ್ತೆ ಸಿಮ್ಯುಲೇಟರ್‌ಗೆ ದುಡ್ಡು ಸುರಿಯಬೇಕು, ಅದು ಎಲ್ಲಿತ್ತು? ಈಗ ಬೆಂಗಳೂರಿನಲ್ಲಿ ಲಾರಿಗಳ ಲೆಕ್ಕ ನೋಡುತ್ತೇನೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ಅಪ್ಪ ಇವತ್ತಿಗೂ ಆ ಸೈಟಿನ ಬೀದಿಗೆ ಹೋಗುವುದಿಲ್ಲ, ಸುತ್ತು ಹಾಕಿಕೊಂಡು ಮಾರ್ಕೆಟ್‌ಗೆ ಹೋಗುತ್ತಾರೆ. ಅಲ್ಲಿ ಯಾರೋ ಎರಡು ಮಹಡಿ ಮನೆ ಕಟ್ಟಿದ್ದಾರೆ.
– ಹೆಸರು ಬೇಡ, ಬೆಂಗಳೂರು

*

ಹಾರುವವಳು ಮಗಳು. ಪತ್ರ ನಿಮ್ಮದು, ಮಾತು ಏಜೆಂಟನದು. ಅವಳೇನು ಹೇಳಿದಳು ಅಂತ ಒಂದು ಸಾಲೂ ಇಲ್ಲವಲ್ಲ?
– ಓದುಗಿ, ಧಾರವಾಡ

*

ಮಾತು ಸ್ವಲ್ಪ ಖಾರವಾಯಿತು, ಆದರೂ ಹಾಕಿದ್ದೇವೆ. ಮುಂದಿನವರು ಬೇರೆ ರೀತಿ ಯೋಚಿಸುತ್ತಾರೆ.

*

ಎಲ್ಲರೂ ಹೆದರಿಸುತ್ತಾರೆ ರೀ. ನಾನು ಸ್ವಂತ ದುಡ್ಡಿನಲ್ಲೇ ಎ320 ಮಾಡಿದೆ. ಐದು ತಿಂಗಳಿಗೆ ಕೆಲಸ ಸಿಕ್ಕಿತು, ಈಗ ಸಹ ಪೈಲಟ್ ಆಗಿ ಬಲಗಡೆ ಸೀಟಿನಲ್ಲಿ ಕೂತಿದ್ದೇನೆ. ಟೈಪ್ ರೇಟಿಂಗ್ ಇದ್ದವರು ಮಾತ್ರ ಅರ್ಜಿ ಹಾಕಿ ಅಂತ ಜಾಹೀರಾತು ಬಂದಾಗ ಬರೀ ಸಿಪಿಎಲ್ ಇದ್ದವರು ನೋಡುತ್ತಾ ಕೂರಬೇಕು, ಅಷ್ಟೇ. ಅದೇ ರೇಟಿಂಗ್‌ನಲ್ಲಿ ಎ319, ಎ321 ವಿಮಾನಗಳು ಕೂಡ ಬರುತ್ತವೆ. ಧೈರ್ಯ ಮಾಡಿ. (ನಿಜ ಹೇಳಬೇಕು, ನಮ್ಮಪ್ಪನಿಗೆ ಪೆಟ್ರೋಲ್ ಬಂಕ್ ಇದೆ. ಏನನ್ನೂ ಮಾರಬೇಕಾಗಲಿಲ್ಲ.)
– ಫಸ್ಟ್ ಆಫೀಸರ್, ದೆಹಲಿ

*

ಕೊನೆಯ ಸಾಲನ್ನು ಮುಚ್ಚಿಡದೆ ಬರೆದದ್ದಕ್ಕೆ ಅವರಿಗೆ ಥ್ಯಾಂಕ್ಸ್.

*

ನಮ್ಮ ಹುಡುಗ ಎಸ್ಸೆಸ್ಸೆಲ್ಸಿ. ಕನ್ನಡಕ ಇದೆ. ಪೈಲಟ್ ಆಗಬಹುದಾ? ದಯವಿಟ್ಟು ತಿಳಿಸಿ.
– ಓದುಗ, ಚಿತ್ರದುರ್ಗ

*

ಕನ್ನಡಕ ಇದ್ದ ಮಾತ್ರಕ್ಕೆ ಆಗುವುದಿಲ್ಲ ಅಂತೇನಿಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಆಮೇಲೆ ಕ್ಲಾಸ್ 2, ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ವೈದ್ಯಕೀಯ ತಪಾಸಣೆ) ಎರಡೂ ಮುಗಿಸಿಯೇ ಫ್ಲೈಯಿಂಗ್ ಸ್ಕೂಲಿಗೆ ದುಡ್ಡು ಕಟ್ಟಿ. ಈಗ ಮತ್ತೆ ತೀರ್ಥಹಳ್ಳಿಗೆ.

*

ನಾನು ಹುಡುಗರಿಗೆ ಸೆಸ್ನಾ ಅನ್ನೋ ಸಣ್ಣ ವಿಮಾನ ಹಾರಿಸಲು ಕಲಿಸಿದವನು. ತಾಯಿ, ಆ ಏಜೆಂಟರಿಗೆ ಒಂದೇ ಪ್ರಶ್ನೆ ಕೇಳಿ: ಕೆಲಸ ಸಿಗುತ್ತದೆ ಅಂತ ಕಾಗದದಲ್ಲಿ ಬರೆದುಕೊಡುತ್ತೀರಾ? ಬರಿ ಸಿಪಿಎಲ್ ಇದ್ದವರನ್ನು ಪರೀಕ್ಷೆ, ಸಂದರ್ಶನ ಮಾಡಿ ಆರಿಸಿಕೊಂಡು, ಆಮೇಲೆ ಟೈಪ್ ರೇಟಿಂಗ್‌ಗೆ ಕಳಿಸುವ ಕಂಪನಿಗಳಿವೆ. ಆಗಲೂ ದುಡ್ಡು ನಿಮ್ಮದೇ ಹೋಗಬಹುದು, ಆದರೆ ಯಾವ ವಿಮಾನ ಅನ್ನುವುದಾದರೂ ಗೊತ್ತಿರುತ್ತದೆ. ಅಲ್ಲಿಯವರೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿಕೊಂಡೇ ಹಾರುವ ಅನುಮತಿ), ಮೆಡಿಕಲ್ ಎರಡೂ ವರ್ಷ ವರ್ಷ ರಿನ್ಯೂ ಆಗಲಿ. ಎಷ್ಟೋ ಮಕ್ಕಳು ಬೇಜಾರಿನಲ್ಲಿ ಇದನ್ನೇ ಬಿಡುತ್ತಾರೆ, ಕರೆ ಬಂದ ದಿನ ಪರದಾಡುತ್ತಾರೆ. ಸಾಧ್ಯವಾದರೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ (ಹೊಸಬರಿಗೆ ಹಾರಲು ಕಲಿಸುವ ಅನುಮತಿ) ನೋಡಲಿ. ಸಂಬಳ ಕಮ್ಮಿ, ಬಿಸಿಲು ಜಾಸ್ತಿ. ಹಾರಾಟದ ಗಂಟೆ ಮಾತ್ರ ಏರುತ್ತಾ ಹೋಗುತ್ತದೆ.
– ನಿವೃತ್ತ ಇನ್‌ಸ್ಟ್ರಕ್ಟರ್, ಜಕ್ಕೂರು

*

ಇದನ್ನು ಮಗಳ ಜೊತೆ ಕೂತು ಓದಿ ಅಂತಷ್ಟೇ ನಮ್ಮ ಕೋರಿಕೆ. ಕೊನೆಯದು ಕೊಪ್ಪದಿಂದ ಬಂದ ಕಾರ್ಡು.

*

ವಿಮಾನದ ವಿಷಯ ನನಗೆ ಗೊತ್ತಿಲ್ಲ. ಮಾರಲೇಬೇಕು ಅಂತಾದರೆ ಮಳೆಗಾಲದಲ್ಲಿ ತೋಟ ತೋರಿಸಬೇಡಿ. ಕೊಳೆ ಬಿದ್ದ ಕಾಯಿ, ಚುಕ್ಕಿ ಬಂದ ಸೋಗೆ ನೋಡಿದವರು ಅರ್ಧ ರೇಟು ಕೇಳುತ್ತಾರೆ. ಕೊಯ್ಲಿನ ಹೊತ್ತಿಗೆ, ಗೊನೆ ಮರದಲ್ಲಿರುವಾಗಲೇ ಕರೆದುಕೊಂಡು ಹೋಗಿ.
– ಅಡಿಕೆ ಬೆಳೆಗಾರ