ತಿಂಗಳಿಗೊಂದು ರಾತ್ರಿ ಬಯಲಾಗ ಮಲ್ಕೋತೀವಿ, ಥಂಡ್ಯಾಗೂ ಮುಂದುವರಸ್ಬೇಕಾ? (ಡಾಕ್ಟ್ರಿಗೆ ಕೇಳ್ರಿ)

ಪ್ರಶ್ನೆ (ಬೀದರ್‌ದಿಂದ ಒಬ್ಬ ಮೆಂಬರ್):
ಡಾಕ್ಟರ್ ಸಾಹೇಬ್ರೇ ನಮಸ್ಕಾರ್ರೀ. ನಾವು ಐದು ಮಂದಿ ದೋಸ್ತರು ಜೂನ್‌ದಿಂದ ಒಂದ್ ಚಾಲೆಂಜ್ ಹಿಡ್ದೀವಿ, ಪ್ರತಿ ತಿಂಗಳು ಒಂದ್ ರಾತ್ರಿ ಮನಿ ಬಿಟ್ಟು ಬಯಲಾಗ ಮಲಗೋದು, ಹನ್ನೆರಡು ತಿಂಗಳು ಒಂದೂ ತಪ್ಪಿಸಬಾರ್ದು. ತಡಪತ್ರಿ ನಡೀತದ, ಟೆಂಟ್ ನಡೀತದ, ಗ್ವಾಡಿ ಛತ್ತು ಇರಬಾರ್ದು, ಗಾಡ್ಯಾಗ ಮಲಗಿದ್ರ ಲೆಕ್ಕಕ್ಕಿಲ್ಲ. ಮಳಿಗಾಲ ಹ್ಯಾಂಗೋ ದಾಟಿದ್ವಿ, ದೀಪಾವಳಿ ತಿಂಗಳಂತೂ ಭಾಳ ಛಲೋ ಆಯ್ತು. ಡಿಸೆಂಬರ್‌ದಾಗ ಮಾತ್ರ ಕಾರಂಜಾ ಡ್ಯಾಂ ಕಡಿ ದೋಸ್ತನ ಹೊಲದಾಗ ಹಳ್ಳದ ದಂಡಿಗಿ ಮಲ್ಕೊಂಡಿದ್ವಿ, ಕೆಳಗ ತಡಪತ್ರಿ ಮ್ಯಾಲ ಒಂದ್ ಚಾಪಿ, ಹೊಚ್ಕೊಳ್ಳಾಕ ಒಬ್ಬೊಬ್ಬರಿಗಿ ಎರಡೆರಡು ರಗ್ಗು. ರಾತ್ರಿ ಎರಡರ ತನಕ ಆರಾಮ ಇತ್ತು, ಆಮ್ಯಾಲ ಬೆನ್ನು ಮಂಜುಗಡ್ಡಿ ಆದಂಗ ಆಯ್ತ್ರೀ. ನಾಲ್ಕರ ಸುಮಾರಿಗಿ ನಮ್ಮಾಗ ಒಬ್ಬಾಂವ ಗದಗದ ನಡುಗ್ಲತ್ತಿದ್ದ, ಜಾಕೆಟಿನ ಚೈನ್ ಹಾಕ್ಲಿಕ್ಕೆ ಬೆರಳು ಬರವಲ್ದಾಗಿತ್ತು, ಮಾತಾಡಿದ್ರ ನಾಲ್ಗಿ ತೊದಲ್ತಿತ್ತು, ನಾವು ನಿದ್ದಿಗಣ್ಣಾಗ ಇದ್ದಾನ ಅಂತ ನಕ್ಕು ಬಿಟ್ವಿ. ಬಿಸಿಲು ಬಿದ್ದ ಮ್ಯಾಲ ಸರಿ ಹೋದ. ಈಗ ಜನವರಿ ಬಂತು. ನಿಲ್ಲಿಸ್ಬೇಕಾ ಮುಂದುವರಸ್ಬೇಕಾ? ಒಂದ್ ಪೆಗ್ ಹಾಕ್ಕೊಂಡು ಮಲಗಿದ್ರ ಥಂಡಿ ತಡೀತದ ಅಂತ ಒಬ್ಬ ಹೇಳ್ತಾನ, ಖರೆ ಏನು? ನಮ್ಮವ್ವ ಅಂತೂ ಥಂಡಿ ಎದಿಗಿ ಹತ್ತತದ, ಶಿವರಾತ್ರಿ ಆಗೋತನ ಎಲ್ಲೂ ಹೋಗ್ಬ್ಯಾಡ ಅಂತಾಳ.

ಡಾಕ್ಟರ್:
ಮೊದಲು ಆ ನಡುಗಿದ ಹುಡುಗನ ಮಾತು ಮುಗಿಸೋಣ, ಚಾಲೆಂಜ್ ಮಾತು ಆಮ್ಯಾಲ. ಅದು ನಿದ್ದಿಗಣ್ಣು ಅಲ್ಲ ತಮ್ಮಾ. ಮೈ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್ ಕೆಳಗ ಇಳೀತಂದ್ರ ಅದಕ್ಕ ಹೈಪೋಥರ್ಮಿಯಾ ಅಂತೀವಿ, ನಡುಕ, ಬೆರಳು ಬರದಂಗಾಗೋದು, ನಾಲ್ಗಿ ತೊದಲೋದು, ಈ ಮೂರು ಕೂಡಿ ಬಂದ್ರ ಅದರ ಬಾಗಲದಾಗ ನಿಂತಾನಂತ ತಿಳೀಬೇಕು. ಇದಕ್ಕ ಹಿಮಾಲಯಾನೇ ಬೇಕಂತಿಲ್ಲ, 10 ಡಿಗ್ರಿ ಆಜುಬಾಜು ಥಂಡಿ, ಜರಾ ಗಾಳಿ, ಜರಾ ಹಸಿ ಬಟ್ಟಿ ಇದ್ರ ಸಾಕು. ಭಾಳ ಅಂಜ್ಕಿ ಯಾವಾಗಂದ್ರ ನಡುಗಾಂವ ನಡುಗೋದು ನಿಲ್ಲಿಸಿ, ಸುಮ್ನಾಗಿ, ‘ನನಗೇನಾಗಿಲ್ಲ ಮಲಗ್ತೀನಿ ಬಿಡ್ರಿ’ ಅಂದಾಗ, ಆವಾಗ ಬಿಡಬಾರ್ದು, ಸೀದಾ 108ಕ್ಕ ಫೋನ್ ಹಚ್ಚಬೇಕು. ಅಷ್ಟು ಆಗಿಲ್ಲಂದ್ರ ಹಸಿ ಬಟ್ಟಿ ತಗ್ದು ಒಣ ಬಟ್ಟಿ ಹಾಕ್ರಿ, ತಲಿ ಕಿವಿ ಮುಚ್ಚ್ರಿ, ಕೆಳಗ ದಪ್ಪ ಹಾಸ್ರಿ, ಬಾಜು ಒಬ್ಬ ಅದೇ ರಗ್ಗಿನಾಗ ಹತ್ತಿ ಮಲ್ಕೊಳ್ರಿ, ಖಬರ್ ಇದ್ದು ನುಂಗ್ಲಿಕ್ಕೆ ಬರ್ತಿದ್ರ ಸಕ್ಕರಿ ಜಾಸ್ತಿ ಹಾಕಿ ಬಿಸಿ ಚಹಾ ಕುಡಸ್ರಿ. ಬಿಸಿನೀರಿನ ಬಾಟಲಿ ಬಟ್ಟ್ಯಾಗ ಸುತ್ತಿ ಎದಿಗಿ, ಕಂಕಳಿಗಿ ಇಡ್ರಿ, ಕೈಕಾಲಿಗಿ ಅಲ್ಲ. ಕೈಕಾಲು ತಿಕ್ಕಬ್ಯಾಡ್ರಿ, ಉರಿ ಮುಂದ ಒಯ್ದು ಕೂಡಿಸಬ್ಯಾಡ್ರಿ.

ಪೆಗ್ ಬಗ್ಗೆ ಒಂದೇ ಮಾತು, ಬ್ಯಾಡ. ಸೆರೆ ಹೊಟ್ಟಿಗಿ ಹೋದ್ರ ಚರ್ಮದ ರಕ್ತನಾಳ ಅಗಲ ಆಗ್ತಾವ, ಒಳಗಿನ ಬಿಸಿ ರಕ್ತ ಚರ್ಮಕ್ಕ ಬರ್ತದ, ನಿಮಗ ಬೆಚ್ಚಗಾದಂಗ ಅನಸ್ತದ, ಖರೆ ಅಂದ್ರ ಒಳಗಿನ ಶಾಖ ಹೊರಗ ಸೋರ್ಲತ್ತಿರ್ತದ. ಮ್ಯಾಲಿಂದ ನಡುಕಾನೂ ಕಮ್ಮಿ ಮಾಡ್ತದ, ಥಂಡಿ ಹತ್ತಿದ್ದು ತನಗೇ ಗೊತ್ತಾಗಂಗಿಲ್ಲ.

ಈಗ ಬೆನ್ನಿನ ಮಾತು. ನೀವೇ ಬರ್ದೀರಿ, ಮೊದಲು ಥಂಡಿ ಹತ್ತಿದ್ದು ಬೆನ್ನಿಗಿ ಅಂತ. ಎರಡೆರಡು ರಗ್ಗು ಮ್ಯಾಲ ಹೊಚ್ಕೊಂಡೀರಿ, ಕೆಳಗ ಏನಿತ್ತು? ತಡಪತ್ರಿ ಹಸಿ ತಡೀತದ, ಥಂಡಿ ತಡ್ಯಂಗಿಲ್ಲ. ರಗ್ಗು ಬೆಚ್ಚಗ ಇಡೋದು ಅದರಾಗ ಸಿಕ್ಕ ಗಾಳೀಲಿಂದ, ಮೈ ಕೆಳಗ ಆ ಗಾಳಿ ಅಮಚಿ ಹೋಗ್ತದ, ನೆಲ ರಾತ್ರಿ ಪೂರಾ ನಿಮ್ಮ ಶಾಖ ಕುಡೀತದ. ನಮ್ಮ ಹಿರ್ಯಾರಿಗಿ ಇದು ಗೊತ್ತಿತ್ತು. ನಾ ಸಣ್ಣಾವಿದ್ದಾಗ ಕಣದಾಗ ಅಜ್ಜನ ಬಾಜು ಮಲ್ಕೋತಿದ್ದೆ, ಅಜ್ಜ ಹೊತ್ತು ಮುಣುಗೋಕಿಂತ ಮೊದಲೇ ಜೋಳದ ಕಣಿಕಿ ತಂದು ಅಡ್ಡ ಉದ್ದ ಎರಡು ಪದರ ಹಾಸ್ತಿದ್ದ, ಒಂದ್ ಗೇಣು ದಪ್ಪ, ಅದರ ಮ್ಯಾಲ ಗೋಣಿ ತಟ್ಟು, ಅದರ ಮ್ಯಾಲ ಕೌದಿ, ಆಮ್ಯಾಲ ಹೊಚ್ಕೊಳ್ಳಾಕ ಕಂಬಳಿ ಒಂದೇ. ಮಲಗಿದ್ರ ಕಣಿಕಿ ಚರಚರ ಸಪ್ಪಳ ಮಾಡ್ತಿತ್ತು, ನಸುಕಿನ್ಯಾಗ ಎದ್ದ್ರ ಬೆನ್ನು ಬೆಚ್ಚಗ, ಕಂಬಳಿ ಮ್ಯಾಲ ಇಬ್ಬನಿ ಮುತ್ತಿನಂಗ ಕುಂತಿರ್ತಿತ್ತು, ಒಳಗ ಒಂದ್ ಹನಿ ಇಳೀತಿರ್ಲಿಲ್ಲ. ಕಂಬಳಿ ಉಣ್ಣಿ ತನ್ನ ತೂಕದ ಸುಮಾರು ಮೂರ್ನೇ ಒಂದು ಪಾಲು ನೀರಿನಂಶ ಹೀರ್ಕೊಂಡ್ರೂ ಹಸಿ ಅನಸಂಗಿಲ್ಲ, ಹತ್ತಿ ಚಾದರ ಹಸಿ ಆದ್ರ ಶಾಖ ಪೂರಾ ಎಳ್ಕೋತದ. ಅದಕ್ಕ ನಿಮ್ಮ ಎರಡು ರಗ್ಗಿನಾಗ ಒಂದು ಕೆಳಗ ಹಾಸ್ರಿ, ಕಣಿಕಿ ಸಿಕ್ರ ಕಣಿಕಿ, ಇಲ್ಲಂದ್ರ ದಪ್ಪ ಫೋಮ್ ಮ್ಯಾಟ್. ಒಂದ್ ಎಚ್ಚರಿಕಿ, ಹಳೀ ಬಣವಿ ಬುಡದ್ದು ಎಳೀಬ್ಯಾಡ್ರಿ, ಅಲ್ಲಿ ಇಲಿ ಇರ್ತಾವ, ಇಲಿ ಹಿಂದ ಹಾವು ಬರ್ತಾವ, ಮ್ಯಾಲಿಂದು ಹಗಲಾಗೇ ತಗ್ದು ಝಾಡಿಸಿ ಹಾಸ್ರಿ.

ಜಾಗಾನೂ ತಪ್ಪಾಗಿತ್ತು. ಥಂಡಿ ಗಾಳಿ ಭಾರ ಇರ್ತದ, ರಾತ್ರಿ ನೀರಿನಂಗ ಹರ್ದು ತಗ್ಗಿಗಿ ಬಂದು ನಿಲ್ತದ, ಹಳ್ಳದ ದಂಡಿ ಅಂದ್ರ ಥಂಡಿನೂ ಹೆಚ್ಚು ಹಸಿನೂ ಹೆಚ್ಚು. ದಿನ್ನಿ ತುದೀಗಿ ಗಾಳಿ ಹೊಡೀತದ, ಅದೂ ಬ್ಯಾಡ, ಇಳಿಜಾರಿನ ನಡುಕ ಒಂದ್ ಬೇವಿನ ಗಿಡದ ಕೆಳಗ ಮಲಗ್ರಿ. ಮುಗಲು ಸ್ವಚ್ಛ ಇದ್ದ ರಾತ್ರಿ ನೆಲದ ಶಾಖ ಸೀದಾ ಮುಗಲಿಗಿ ಹೋಗಿ ಬಿಡ್ತದ, ಗಿಡದ ಕೆಳಗ ಅದು ಜರಾ ತಡೀತದ, ಇಬ್ಬನಿನೂ ಕಮ್ಮಿ. ಬೀದರ್ ಸಮುದ್ರ ಮಟ್ಟದಿಂದ 660 ಮೀಟರ್‌ಗಿಂತ ಎತ್ತರದಾಗ ಅದ, ಕಲಬುರಗಿ 450ರ ಸುಮಾರಿಗಿ, ಯಾದಗಿರಿ ಇನ್ನೂ ಕೆಳಗ, ಅದಕ್ಕ ಮೂರೂ ಕಡಿ ಥಂಡಿ ಒಂದೇ ಅಲ್ಲ. ಪೇಪರ್‌ದಾಗ 9 ಡಿಗ್ರಿ ಅಂತ ಬಂದ್ರ ಅದು ಆಳೆತ್ತರದ ಸುಮಾರಿಗಿ ಪೆಟ್ಟಿಗ್ಯಾಗ ಇಟ್ಟ ಥರ್ಮಾಮೀಟರ್ ಲೆಕ್ಕ, ನೀವು ಮಲಗೋ ನೆಲದ ಮ್ಯಾಲ ಅದಕ್ಕಿಂತ ಕಮ್ಮಿ ಇರ್ತದ. ಎಲ್ಲಾಕಿಂತ ಹೆಚ್ಚು ಥಂಡಿ ನಡುರಾತ್ರಿ ಅಲ್ಲ, ಹೊತ್ತು ಹುಟ್ಟೋ ವ್ಯಾಳ್ಯಾಕ್ಕ. ಎರಡು ಗಂಟೆಕ್ಕೇ ಬೆನ್ನು ಕೊರೀತಂದ್ರ ಇನ್ನೂ ನಾಲ್ಕು ತಾಸು ಅದಕ್ಕಿಂತ ಕೆಟ್ಟ ಅದ ಅಂತ ಲೆಕ್ಕ ಹಾಕ್ರಿ.

ನಿಮ್ಮವ್ವನ ಮಾತು ತಳ್ಳಿ ಹಾಕ್ಲಾರೆ, ದಮ್ಮು, ಬಿಪಿ, ಎದಿ ತ್ರಾಸು ಇದ್ದವರಿಗಿ ಅದು ಪೂರಾ ಖರೆ. ಛಲೋ ಇರೋ ಹರೇದ ಹುಡುಗರು ನಿಲ್ಲಿಸ್ರಿ ಅಂತ ಹೇಳಂಗಿಲ್ಲ. ತಯಾರಿ ಮಾಡ್ಕೊಂಡು ಹೋಗ್ರಿ.

ಪ್ರಶ್ನೆ (ಆಳಂದ ಕಡಿಂದ ಒಬ್ಬ ತಂಗಿ):
ಸರ್, ನಮ್ಮದು ಚಾಲೆಂಜ್ ಅಲ್ರೀ. ನಮ್ಮಪ್ಪಾಜಿಗಿ 62 ವರ್ಷ, ಸಕ್ಕರಿ ಬ್ಯಾನಿ ಅದ, ಗುಳಿಗಿ ತಗೋತಾರ. ತೊಗರಿ ರಾಶಿ ಆಗೋತನ ಹೊಲದಾಗೇ ಮಲಗ್ತಾರ, ಕಳುವು ಆಗ್ತದ ಹಂದಿ ಬರ್ತಾವ ಅಂತ. ಎಷ್ಟ್ ಹೇಳಿದ್ರೂ ಕೇಳಂಗಿಲ್ಲ.

ಡಾಕ್ಟರ್:
ತಂಗಿ, ವರ್ಷಪೂರ್ತಿ ದುಡ್ದ ರಾಶಿ ಬಿಟ್ಟು ಮನ್ಯಾಗ ಮಲಗ್ರಿ ಅಂದ್ರ ಯಾವ ರೈತ ಕೇಳ್ತಾನ್ರೀ, ಅವರ ಮ್ಯಾಲ ಸಿಟ್ಟಾಗ್ಬ್ಯಾಡ್ರಿ. ಮೂರು ಕೆಲಸ ಮಾತ್ರ ತಪ್ಪದಂಗ ಮಾಡ್ರಿ. ಒಂದು, ಕಾಲು. ಭಾಳ ವರ್ಷ ಸಕ್ಕರಿ ಇದ್ದವರಿಗಿ ಪಾದ ಜೋಮು ಹಿಡ್ದಿರ್ತಾವ, ಥಂಡ್ಯಾಗ ಉರಿ ಮುಂದ ಕಾಲು ಚಾಚಿ ಕುಂದಿರ್ತಾರ, ಸುಟ್ಟಿದ್ದೇ ಗೊತ್ತಾಗಂಗಿಲ್ಲ. ಪ್ರತಿ ಚಳಿಗಾಲ ಇಂಥ ಕಾಲು ನೋಡ್ತೀನಿ, ಹೋದ ವರ್ಷ ಒಬ್ಬ ಹಿರ್ಯಾರು ಅಂಗಾಲಿನಾಗ ದೊಡ್ಡ ಗುಳ್ಳಿ ಇಟ್ಕೊಂಡು ನಾಲ್ಕು ದಿನ ಹಂಗೇ ಓಡ್ಯಾಡ್ಯಾರ, ಬೆರಳು ಉಳಿಸ್ಲಿಕ್ಕೆ ಎರಡು ತಿಂಗಳು ಹಿಡೀತು. ಉಣ್ಣಿ ಕಾಲುಚೀಲ ಹಾಕ್ಸ್ರಿ, ಉರೀಗಿ ಕೈ ಕಾಸ್ಲಿ, ಕಾಲು ಬ್ಯಾಡ, ದಿನಾ ಮುಂಜಾನಿ ನೀವೇ ಅಂಗಾಲು ನೋಡ್ರಿ. ಎರಡು, ರಾತ್ರಿ ಊಟ ಬಿಟ್ಟು ಗುಳಿಗಿ ನುಂಗಬಾರ್ದು, ನಡುಗ್ಲಿಕ್ಕೆ ಮೈಗೆ ಸಕ್ಕರಿ ಬೇಕು, ರಾತ್ರಿ ಸಕ್ಕರಿ ಇಳ್ದು ಗಾಬರಿ ಆದ್ರ ಅದೂ ಥಂಡಿ ನಡುಕ ಅಂತ್ಲೇ ತಿಳ್ಕೋತಾರ. ಕಿಸೆದಾಗ ಬೆಲ್ಲದ ಹಳಕು ಇರ್ಲಿ. ಮೂರು, ಹೊಲದಾಗ ಮಂಚಿಗಿ ಇದ್ರ ಅದರ ಮ್ಯಾಲ ಮಲಗ್ಲಿ, ಇಲ್ಲಂದ್ರ ಹೊರಸು ಒಯ್ರಿ. ಹೊರಸಿನ ಕೆಳಗಿಂದ ಗಾಳಿ ಹೊಡೀತದ, ಅದಕ್ಕ ಮ್ಯಾಲ ದಪ್ಪ ಕೌದಿ ಹಾಸೋದು ಮರೀಬ್ಯಾಡ್ರಿ. ಫೋನ್ ಚಾರ್ಜ್ ಮಾಡಿ ಕೊಟ್ಟು ಕಳ್ಸ್ರಿ, ಮುಂಜಾನಿ ಐದಕ್ಕ ಒಂದ್ ಕಾಲ್ ಮಾಡ್ರಿ.

ಪ್ರಶ್ನೆ (ಕಲಬುರಗಿ):
ಅಣ್ಣಾ ನಾವು ಟೆಂಟ್ ತಗೊಂಡೀವಿ, ಮಲಗೋ ಮುಂದ ಒಳಗ ಶಿಗಡಿದಾಗ ಕೆಂಡ ಇಟ್ಟು ಚೈನ್ ಎಳ್ದ್ರ ನಡೀತದಲ್ಲ? ಹೊಗಿ ಬರಂಗಿಲ್ಲ, ಬರೀ ಕೆಂಡ.

ಡಾಕ್ಟರ್:
ಇಲ್ಲಪ್ಪಾ, ಇಲ್ಲ. ಈ ಥ್ರೆಡ್‌ನಾಗ ಒಂದೇ ಉತ್ತರ ಓದೋರು ಇದನ್ನ ಓದ್ರಿ. ಹೊಗಿ ಇಲ್ಲದ ಕೆಂಡಾನೇ ಕೊಲ್ಲೋದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರ್ತದ, ವಾಸನಿ ಇಲ್ಲ, ಬಣ್ಣ ಇಲ್ಲ, ಕೆಮ್ಮು ಬರಂಗಿಲ್ಲ, ರಕ್ತದಾಗಿನ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗಿಂತ ಹೆಚ್ಚು ಗಟ್ಟಿ ಹತ್ಕೋತದ. ತಲಿ ನೋವು, ತಲಿ ತಿರುಗೋದು, ವಾಂತಿ ಬಂದಂಗಾಗೋದು, ಮಲಗಿದವರಿಗಿ ಅದೂ ಗೊತ್ತಾಗಂಗಿಲ್ಲ, ನಿದ್ದ್ಯಾಗೇ ಹೋಗಿ ಬಿಡ್ತಾರ. ಟೆಂಟ್, ಬಾಗಲ ಮುಚ್ಚಿದ ಕ್ವಾಣಿ, ಕಾರು, ಎಲ್ಲೂ ಕೆಂಡ ಬ್ಯಾಡ, ಗ್ಯಾಸ್ ಸ್ಟೋವೂ ಬ್ಯಾಡ. ಉರಿ ಹೊರಗ ಹಚ್ರಿ, ಮಲಗೋ ಮುಂದ ನೀರು ಹಾಕಿ ಆರಿಸ್ರಿ. ಟೆಂಟಿನ ಮ್ಯಾಲಿನ ಜಾಳಿಗಿ ಜರಾ ತೆರದೇ ಇಡ್ರಿ, ಇಲ್ಲಂದ್ರ ನಿಮ್ಮ ಉಸಿರೇ ನೀರಾಗಿ ರಗ್ಗಿನ ಮ್ಯಾಲ ಬೀಳ್ತದ. ಸ್ಲೀಪಿಂಗ್ ಬ್ಯಾಗ್ ತಗೊಂಡ್ರ ಲೇಬಲ್ ಮ್ಯಾಲ ‘ಕಂಫರ್ಟ್’ ಅಂತ ಬರ್ದ ಡಿಗ್ರಿ ನೋಡ್ರಿ, ‘ಎಕ್ಸ್‌ಟ್ರೀಮ್’ ಅಂತ ಇರೋದು ಜೀವ ಉಳಿಯೋ ಲೆಕ್ಕ, ನಿದ್ದಿ ಬರೋ ಲೆಕ್ಕ ಅಲ್ಲ. ನಮ್ಮ ಕಡಿಗಿ ಕಂಫರ್ಟ್ 5 ಡಿಗ್ರಿದು ಸಾಕು.

ಪ್ರಶ್ನೆ (ಯಾದಗಿರಿ):
ಥಂಡ್ಯಾಗ ಹಾವು ಚೇಳು ಹೊರಗ ಬರಂಗಿಲ್ಲ ಅಂತಾರಲ್ರೀ ಸರ್?

ಡಾಕ್ಟರ್:
ಕಮ್ಮಿ ಬರ್ತಾವ, ಬರೋದೇ ಇಲ್ಲಂತಲ್ಲ. ಕಟ್ಟುಹಾವು, ಅಂದ್ರ ಕರೀ ಮೈ ಮ್ಯಾಲ ಬಿಳಿ ಪಟ್ಟಿ ಇರೋದು, ರಾತ್ರಿನೇ ಓಡ್ಯಾಡ್ತದ, ನೆಲದ ಮ್ಯಾಲ ಮಲಗಿದವರಿಗೇ ಹೆಚ್ಚು ಕಚ್ಚತದ, ಕಚ್ಚಿದ್ದು ನೋವೇ ಆಗಂಗಿಲ್ಲ. ನಸುಕಿನ್ಯಾಗ ಹೊಟ್ಟಿ ನೋವು, ಕಣ್ಣಿನ ರೆಪ್ಪಿ ಜೋಲೋದು ಕಂಡ್ರ ಗಾಯ ಕಾಣದಿದ್ರೂ ದೊಡ್ಡ ದವಾಖಾನಿಗಿ ಓಡ್ರಿ, ಬೀದರ್‌ದಾಗ ಬ್ರಿಮ್ಸ್, ಕಲಬುರಗ್ಯಾಗ ಜಿಮ್ಸ್, ನಿಮ್ಮ ಯಾದಗಿರ್ಯಾಗ ಯಿಮ್ಸ್. ಸೊಳ್ಳಿ ಪರದಿ ಕಟ್ಟಿ ಅಂಚು ಹಾಸಿಗಿ ಕೆಳಗ ಸುತ್ತಾ ತುರುಕಿದ್ರ ಅರ್ಧ ಅಂಜ್ಕಿ ಅಲ್ಲೇ ಹೋಯ್ತು. ಕೆಂಪು ಚೇಳು ಕಚ್ಚಿ ಬೆವರು, ವಾಂತಿ, ಕೈಕಾಲು ತಣ್ಣಗಾದ್ರ ಅದೂ ಎಮರ್ಜೆನ್ಸಿ. ಮಹಾರಾಷ್ಟ್ರದ ಮಹಾಡ್‌ದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಗುಳಿಗಿ ಕೊಟ್ಟು ಎಷ್ಟೋ ಜೀವ ಉಳಿಸಿ ತೋರಿಸ್ಯಾರ, ಔಷಧ ಅದ, ಜಲ್ದಿ ಬರೋದಷ್ಟೇ ನಿಮ್ಮ ಕೆಲಸ. ಮುಂಜಾನಿ ಶೂ ಝಾಡಿಸ್ದೇ ಕಾಲು ಹಾಕ್ಬ್ಯಾಡ್ರಿ. ಇನ್ನೊಂದು, ಪೊದಿ ಹುಲ್ಲಿನಾಗ ಮಲಗಿ ಬಂದ ಒಂದು ಎರಡು ವಾರಕ್ಕ ಜೋರು ಜ್ವರ ಬಂದ್ರ ‘ಬಯಲಾಗ ಮಲಗಿದ್ದೆ’ ಅಂತ ಡಾಕ್ಟ್ರಿಗಿ ಮೊದಲೇ ಹೇಳ್ರಿ, ಸ್ಕ್ರಬ್ ಟೈಫಸ್ (ಹುಲ್ಲು ಪೊದಿಯಾಗಿನ ಸಣ್ಣ ಹುಳ ಕಚ್ಚಿ ಬರೋ ಜ್ವರ) ಇರ್ಬಹುದು, ಆ ಒಂದ್ ಮಾತಿನಿಂದ ಸರಿ ಔಷಧ ಜಲ್ದಿ ಸಿಗ್ತದ.

ಕಮೆಂಟ್ (ಬೀದರ್‌ದಿಂದ ಇನ್ನೊಬ್ಬ ಮೆಂಬರ್):
ಸರ್, ಆ ನಡುಗಿದ ಹುಡುಗ ನಾನೇ. ಖರೆ ಹೇಳ್ಬೇಕಂದ್ರ ಮೂರು ಗಂಟೆಕ್ಕೇ ಮನಿಗಿ ಹೋಗೋಣ ಅನಿಸಿತ್ತು. ನನ್ನಿಂದ ಎಲ್ಲರ ಏಳು ತಿಂಗಳು ಹಾಳಾಗ್ತದ ಅಂತ ಬಾಯಿ ಬಿಡಲಿಲ್ಲ. ಅವತ್ತು ಶನಿವಾರ, ನಂದು ಒಪ್ಪತ್ತು ಇತ್ತು, ಮಧ್ಯಾಹ್ನ ಉಂಡಿದ್ದು ಬಿಟ್ರ ಎರಡು ಬಾಳಿಹಣ್ಣಷ್ಟೇ.

ಡಾಕ್ಟರ್:
ಬರ್ದಿದ್ದು ಭಾಳ ಛಲೋ ಮಾಡಿದಿ ತಮ್ಮಾ. ಒಲಿಗಿ ಕಟಿಗಿ ಇಲ್ಲದಂಗ ಮಲಗೀದಿ ನೀ, ನಡುಕಕ್ಕ ಊಟಾನೇ ಇಂಧನ. ಒಪ್ಪತ್ತು ಬಿಡಬ್ಯಾಡ, ದಿನ ಬದಲ್ಸು, ರವಿವಾರ ಹೋಗ್ರಿ. ಮಲಗೋ ಮುಂದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹೊಟ್ಟಿ ತುಂಬ ಉಣ್ಣು. ಉಚ್ಚಿ ಬರ್ತದಂತ ನೀರು ಬಿಡಬ್ಯಾಡ, ಥಂಡ್ಯಾಗ ಉಚ್ಚಿ ಹೆಚ್ಚು ಬರೋದು ಸಹಜ, ಬಂದಾಗ ಎದ್ದು ಹೋಗಿ ಬಾ, ತಡ್ಕೊಂಡು ಮಲಗಿದ್ರ ನಿದ್ದಿನೂ ಇಲ್ಲ. ಯಾವಾಗ್ಲೂ ಉಳ್ದವರಿಗಿಂತ ನಿನಗೇ ಥಂಡಿ ಜಾಸ್ತಿ ಅನಿಸ್ತಿದ್ರ ಒಂದ್ ಸಲ ಥೈರಾಯ್ಡ್, ರಕ್ತ ಚೆಕ್ ಮಾಡ್ಸು.

ಐದೂ ಮಂದಿಗಿ ನನ್ನದೊಂದ್ ಕಳಕಳಿ. ನಿಮ್ಮ ನಿಯಮದಾಗ ಇವತ್ತೇ ಒಂದ್ ಸಾಲು ಸೇರಸ್ರಿ, ಯಾರಾದ್ರೂ ಒಬ್ಬ ‘ಸಾಕು’ ಅಂದ್ರ ಯಾಕ ಅಂತ ಕೇಳದಂಗ ಎಲ್ಲರೂ ಏಳೋದು, ಆ ತಿಂಗಳು ಎಲ್ಲರ ಲೆಕ್ಕಕ್ಕೂ ಬರ್ತದ. ಇನ್ನ ಹತ್ತಿರದ ಜಾಗ ಹುಡುಕ್ರಿ, ಹತ್ತು ನಿಮಿಷದಾಗ ಬಾಗಲ ಮುಚ್ಚೋ ಒಂದ್ ಖೋಲಿ ಸಿಗೋ ಅಂಥಾದ್ದು, ಕೀಲಿ ಯಾರ ಕಿಸೆದಾಗ ಅದ ಅಂತ ಮಲಗೋಕಿಂತ ಮೊದಲು ಎಲ್ಲರಿಗೂ ಗೊತ್ತಿರ್ಲಿ.

ಮರು ಉತ್ತರ (ಮೊದಲು ಪ್ರಶ್ನೆ ಕೇಳಿದವರು):
ಸಾಲು ಸೇರಿಸೀವ್ರೀ ಸರ್. ಈ ರವಿವಾರ ನಮ್ಮ ಕಾಕಾನ ಹೊಲ, ಊರ ಬಾಜೂಕೇ ಅದ, ಕಣಿಕಿ ಕಾಕಾ ಕೊಡ್ತೀನಂದಾನ. ಅವನಿಗಿ ನಕ್ಕಿದ್ದಕ್ಕ ಎಲ್ಲರೂ ಮನಿಗಿ ಹೋಗಿ ಮಾತಾಡಿ ಬಂದೀವಿ.

ಡಾಕ್ಟರ್:
ಛಲೋ. ಒಂದ್ ಸಾದಾ ಥರ್ಮಾಮೀಟರ್ ಒಯ್ದು ನೆಲದಿಂದ ಗೇಣೆತ್ತರಕ್ಕ ಇಟ್ಟು, ಹತ್ತಕ್ಕ, ಎರಡಕ್ಕ, ಆರಕ್ಕ ಎಷ್ಟಿತ್ತು ಅಂತ ಬರ್ಕೊಂಡು ಸೋಮವಾರ ಇಲ್ಲೇ ಹಾಕ್ರಿ, ನಾನೂ ನೋಡ್ತೀನಿ.